ಅಹವಾಲೂ ಪ್ರಶ್ನೆಯೂ

ಬಯಲುಸೀಮೆಯ ಕ್ಷೇತ್ರವೊಂದರಿಂದ ಮೊದಲ ಸಲ ವಿಧಾನಸಭೆಗೆ ಆರಿಸಿಬಂದ ನನ್ನ ಹಳೆಯ ಶಿಷ್ಯರೊಬ್ಬರು, ಪ್ರಮಾಣವಚನ ಸ್ವೀಕರಿಸಿ ಊರಿಗೆ ಮರಳಿದ ವಾರದಲ್ಲಿಯೇ, ಮುಂಬರುವ ಅಧಿವೇಶನಕ್ಕೆ ತಮ್ಮ ಆದ್ಯತೆಗಳೇನೆಂಬುದನ್ನು ಗೆರೆಹಾಕಿದ ನೋಟುಪುಸ್ತಕದಲ್ಲಿ ಬರೆದಿಟ್ಟು, ನೋಡಿ ಅಭಿಪ್ರಾಯ ತಿಳಿಸಬೇಕೆಂದು ಅದನ್ನು ನನ್ನ ಕೈಗಿತ್ತರು. ಮೂವತ್ತೊಂದು ಅಂಶಗಳಿದ್ದುವು. ಎರಡು ಹೋಬಳಿಗಳ ನಡುವಣ ರಸ್ತೆಗೆ ಡಾಂಬರು, ಮೂರು ಊರುಗಳಿಗೆ ಕೊಳವೆಬಾವಿ, ಒಂದು ಕಾಲೋನಿಯಿಂದ ಸ್ಮಶಾನಕ್ಕೆ ದಾರಿ, ಬಾಲಕಿಯರ ಹಾಸ್ಟೆಲಿಗೆ ಕಾಂಪೌಂಡು, ಬೇಸಗೆ ಬಂತೆಂದರೆ ಸುಟ್ಟುಹೋಗುವ ಒಂದು ಟ್ರಾನ್ಸ್‌ಫಾರ್ಮರು, ನಾಲ್ಕು ಸಮುದಾಯ ಭವನಗಳು. ಭವನಗಳ ವಿಷಯದಲ್ಲಿ ನನಗೆ ಸಂಶಯವುಂಟು. ಅವುಗಳಲ್ಲಿ ಸಮುದಾಯಕ್ಕಿಂತ ಪಾರಿವಾಳಗಳು ಹೆಚ್ಚಾಗಿ ಸೇರುವುದನ್ನು ಕಂಡಿದ್ದೇನೆ. ಉಳಿದುವುಗಳಲ್ಲಿ ಅನಗತ್ಯವಾದುದು ಒಂದೂ ಇರಲಿಲ್ಲ. ಆದರೂ ಎರಡನೆಯ ಸಲ ಓದುವಾಗ ಒಂದು ವೈಚಿತ್ರ್ಯ ಹೊಳೆಯಿತು: ಈ ನಾಡಿನಲ್ಲಿ ವಿಧಾನಸಭೆಯೆಂಬ ಸಂಸ್ಥೆಯೇ ಇಲ್ಲದೆ, ಕೇವಲ ಒಬ್ಬ ದಯಾಳುವಾದ ದೊರೆ ಇದ್ದಿದ್ದರೂ ಆ ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗಬೇಕಾಗಿರಲಿಲ್ಲ.

ಇದು ಬರಿಯ ಮಾತಿನ ಚಮತ್ಕಾರವಲ್ಲ. ಅಂತಹ ದೊರೆಯೂ, ಅವನೆದುರು ಅಂತಹ ಪಟ್ಟಿ ಹಿಡಿದು ನಿಂತ ಪ್ರತಿನಿಧಿಗಳೂ ನಮ್ಮ ಚರಿತ್ರೆಯಲ್ಲಿಯೇ ಇದ್ದರು. 1881ರ ಅಕ್ಟೋಬರಿನಲ್ಲಿ, ದಸರೆಯ ಸಂಭ್ರಮದ ಹಿಂದೆಯೇ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ, ತಾಲ್ಲೂಕುಗಳಿಂದ ಬಂದಿದ್ದ 144 ಮಂದಿ ಭೂಮಾಲೀಕರೂ ವರ್ತಕರೂ ಸಂಸ್ಥಾನದ ಆಯವ್ಯಯದ ವಿವರಣೆಯನ್ನು ಆಲಿಸಿ, ತಮ್ಮ ತಮ್ಮ ಸೀಮೆಯ ಕೆರೆ, ಕಾಲುವೆ, ರಸ್ತೆಗಳ ಅಹವಾಲನ್ನು ಅರಿಕೆಮಾಡಿಕೊಂಡು ಮನೆಗೆ ಮರಳಿದರು. ಭಾರತದ ದೇಶೀಯ ಸಂಸ್ಥಾನಗಳಿಗೆಲ್ಲ ಅದು ಮೇಲ್ಪಂಕ್ತಿಯಾಗಿದ್ದಿತು; ಅದರ ಹಿರಿಮೆಯನ್ನು ಕುಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಆ ಪ್ರತಿನಿಧಿಗಳಿಗೆ ಮತ ಹಾಕುವ ಅಧಿಕಾರವಿರಲಿಲ್ಲ, ಹಣವನ್ನು ತಡೆಹಿಡಿಯುವ ಅಧಿಕಾರವಿರಲಿಲ್ಲ, ಶಾಸನವನ್ನು ತಿದ್ದುವ ಅಧಿಕಾರವಂತೂ ಕನಸಿನ ಮಾತು. ಕೇಳಿಕೊಳ್ಳುವುದೊಂದೇ ಅವರಿಗಿದ್ದ ಹಕ್ಕು. ಇಂದಿನ 224 ಸದಸ್ಯರಿಗೆ ಸಂವಿಧಾನವು ಆ ಮೂರನ್ನೂ ಕೊಟ್ಟಿದೆ. ಕೊಟ್ಟಮೇಲೂ ಅವರು ಕೇಳಿಕೊಳ್ಳುವವರಾಗಿಯೇ ಉಳಿದಿರುವುದಾದರೆ, ನಡುವಣ ಶತಮಾನದ ಹೋರಾಟದಿಂದ ಬದಲಾದದ್ದು ಪೇಟವೊಂದೇ ಏನು?

‘ಆದ್ಯತೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಆದ್ಯವೆಂದರೆ ಮೊದಲನೆಯದು. ಮೊದಲನೆಯವು ಮೂವತ್ತೊಂದು ಇರಲಾರವು. ಇನ್ನು ‘ಶಾಸಕ’ ಎಂಬ ಮಾತು: ಶಾಸನವನ್ನು ಮಾಡತಕ್ಕವನು ಶಾಸಕ. ಕನ್ನಡದಲ್ಲಿ ಶಾಸನವೆಂದರೆ ಕಾಯಿದೆಯೂ ಹೌದು, ಕಲ್ಲಿನ ಮೇಲೆ ಕೊರೆಸಿದ ಬರಹವೂ ಹೌದು. ನಮ್ಮ ಕಾಲದ ಶಾಸಕರು ಎರಡನೆಯ ಅರ್ಥವನ್ನೇ ಹೆಚ್ಚಾಗಿ ಹಚ್ಚಿಕೊಂಡಂತೆ ತೋರುತ್ತದೆ. ಚರಂಡಿಯ ಮಗ್ಗುಲಲ್ಲಿ ನಿಲ್ಲಿಸಿದ ಕರಿಯ ಗ್ರಾನೈಟಿನ ಅಡಿಗಲ್ಲಿನ ಮೇಲೆ ಅವರ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ.

ಲೆಕ್ಕದ ದೃಷ್ಟಿಯಿಂದಲೂ ವಿಚಾರಿಸೋಣ. ತನ್ನ ಕ್ಷೇತ್ರದ ಕಾಮಗಾರಿಗಳಿಗೆಂದು ಶಾಸಕನೊಬ್ಬನು ಸೂಚಿಸಬಹುದಾದ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. 2025-26ರ ಕರ್ನಾಟಕದ ಆಯವ್ಯಯದ ಗಾತ್ರ 4 ಲಕ್ಷ 9 ಸಾವಿರ ಕೋಟಿಗೂ ಮಿಗಿಲು. ಅಂದರೆ ಯಾವ ಮೊತ್ತಕ್ಕಾಗಿ ಅವನು ಹಗಲಿರುಳು ಇಂಜಿನಿಯರುಗಳ ಬೆನ್ನು ಹತ್ತುವನೋ ಅದು ಒಟ್ಟು ಹಣದ ಎರಡು ಲಕ್ಷ ಪಾಲುಗಳಲ್ಲಿ ಒಂದು ಪಾಲು. ಉಳಿದದ್ದಕ್ಕೆ ಅವನು ಏನು ಮಾಡುತ್ತಾನೆ? ‘ಹೌದು’ ಎನ್ನುತ್ತಾನೆ. ಸಂವಿಧಾನದ 203ನೆಯ ಅನುಚ್ಛೇದವು ಬೇಡಿಕೆಗಳಿಗೆ ಒಪ್ಪಿಗೆ ಕೊಡಲು, ನಿರಾಕರಿಸಲು, ಅಥವಾ ಮೊತ್ತವನ್ನು ಕಡಿತಗೊಳಿಸಿ ಒಪ್ಪಲು ವಿಧಾನಸಭೆಗೆ ಅಧಿಕಾರವಿತ್ತಿರುವಾಗ, ಇಲಾಖೆ ಇಲಾಖೆಗಳ ಬೇಡಿಕೆಗಳು ಅಧಿವೇಶನದ ಕಡೆಯ ಗಳಿಗೆಯ ಗದ್ದಲದ ನಡುವೆ, ಪುಟ ತಿರುವುವಷ್ಟು ಹೊತ್ತಿನಲ್ಲಿ ಅಂಗೀಕಾರವಾಗಿಬಿಡುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಸದನವು ವರ್ಷಕ್ಕೆ 60 ದಿನವಾದರೂ ಸೇರಬೇಕೆಂದು 2005ರಲ್ಲಿ ಸದನವೇ ಕಾಯಿದೆ ಮಾಡಿಕೊಂಡಿತು. ಆ ಸಂಖ್ಯೆಯನ್ನು ಮುಟ್ಟುವ ವರ್ಷಗಳು ವಿರಳ. ತಾನು ಮಾಡಿದ ಶಾಸನವನ್ನು ತಾನೇ ಪಾಲಿಸದ ಮನೆಯಲ್ಲಿ ಹೊಸಬನು ಪಾಠ ಕಲಿಯುವುದಾದರೂ ಯಾರಿಂದ?

ಇಷ್ಟನ್ನು ನಾನು ಸ್ವಲ್ಪ ಗರ್ವದಿಂದಲೇ ಅವರಿಗೆ ಹೇಳಿದೆನೆಂದು ಕಾಣುತ್ತದೆ. ಅವರು ವಾದಿಸಲಿಲ್ಲ, ನನ್ನನ್ನು ಕರೆದೊಯ್ದು ಮನೆಯ ಜಗಲಿಯ ಮೇಲೆ ಕೂರಿಸಿದರು. ಬೆಳಗಿನ ಏಳು ಗಂಟೆಗೆ ಅಲ್ಲಿ ಅರವತ್ತು ಎಪ್ಪತ್ತು ಜನ. ಒಬ್ಬ ಮುದುಕಿ, ಬಟ್ಟೆಯಂಗಡಿಯ ಪ್ಲಾಸ್ಟಿಕ್ ಕವರಿನೊಳಗಿನಿಂದ ಒಂದೊಂದೇ ಕಾಗದವನ್ನು ತೆಗೆದು ತನ್ನ ಮೊಣಕಾಲ ಮೇಲೆ ಹರವಿದಳು: ಆಧಾರ್ ಕಾರ್ಡಿನ ಜೆರಾಕ್ಸು, ರೇಷನ್ ಕಾರ್ಡು, ಅಂಚು ಸವೆದ ಪಾಸ್‌ಬುಕ್ಕು. ಏಳು ತಿಂಗಳಿಂದ ವೃದ್ಧಾಪ್ಯ ವೇತನ ಬಂದಿರಲಿಲ್ಲ. ಕಾರಣವಿಷ್ಟೇ: ಒಂದು ದಾಖಲೆಯಲ್ಲಿ ಅವಳ ಹೆಸರು ‘ಅಮ್ಮ’ ಎಂದು ಮುಗಿದಿತ್ತು, ಇನ್ನೊಂದರಲ್ಲಿ ‘ಅವ್ವ’ ಎಂದು. ಶಾಸಕರು ಕಚೇರಿಗೆ ಫೋನು ಮಾಡಿದರು. “ಆಯ್ತಜ್ಜಿ, ಮುಂದಿನ ತಿಂಗಳು ಬತ್ತದೆ, ಹೋಗು” ಎಂದರು. “ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ” ಎಂದು ಅವಳು ಕಾಗದಗಳನ್ನು ಮತ್ತೆ ಅದೇ ಕ್ರಮದಲ್ಲಿ ಮಡಿಸಿಟ್ಟಳು. ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು: “ಮೇಷ್ಟ್ರೇ, ಈಗ ಹೇಳಿ. ಈಕೆಗೆ ಧನವಿನಿಯೋಗ ವಿಧೇಯಕವನ್ನ ಉಣ್ಣೋಕೆ ಬಡಿಸಲೇ?”

ಈ ಆಕ್ಷೇಪಣೆಯನ್ನು ಲಘುವಾಗಿ ಕಾಣುವವನು ಪ್ರಜಾಪ್ರಭುತ್ವದ ವಿಷಯದಲ್ಲಿ ಬರೆಯಲು ಅರ್ಹನಲ್ಲ. ಪ್ರತಿನಿಧಿಯು ಮತದಾರರ ಆಜ್ಞಾವಾಹಕನಲ್ಲ, ತನ್ನ ವಿವೇಚನೆಯನ್ನು ಅವರಿಗೆ ಒಪ್ಪಿಸಬೇಕಾದವನು ಎಂದು 1774ರಲ್ಲಿ ಬ್ರಿಸ್ಟಲ್ ನಗರದ ಮತದಾರರಿಗೆ ಘನವಾಗಿ ಉಪದೇಶಿಸಿದ ಎಡ್ಮಂಡ್ ಬರ್ಕನು, ಆರೇ ವರ್ಷದ ಮೇಲೆ ಅದೇ ನಗರದಲ್ಲಿ ಸೋಲು ಖಚಿತವೆಂದರಿತು ಕಣದಿಂದ ಹಿಂದೆ ಸರಿಯಬೇಕಾಯಿತು. ಜಗಲಿಯನ್ನು ತೊರೆದು ತತ್ತ್ವವನ್ನು ಸೇರಿದವನ ಗತಿ ಅದು. ಆದರೆ ಜಗಲಿಯಲ್ಲಿಯೇ ಮುಗಿದುಹೋದವನ ಗತಿಯೇನು? ಆ ಮುದುಕಿಯ ವೇತನ ಬಂದೀತು. ಫೋನು ಮಾಡುವವರಿಲ್ಲದ ಊರಿನ ಇನ್ನೊಬ್ಬ ಅವ್ವನದು ಬಾರದು. ಶಾಸಕನ ಕೃಪೆಯು ನಿಯಮದ ಸ್ಥಾನದಲ್ಲಿ ಕುಳಿತುಕೊಂಡಷ್ಟೂ ನಿಯಮವನ್ನು ಸರಿಪಡಿಸುವ ಒತ್ತಡವು ಕಡಿಮೆಯಾಗುತ್ತ ಹೋಗುತ್ತದೆ. ಕೆಟ್ಟ ನಿಯಮವೊಂದು ಶಾಸಕನಿಗೆ ನಿತ್ಯವೂ ಕೃತಜ್ಞತೆಯನ್ನು ದುಡಿದುಕೊಡುತ್ತಿರುವಾಗ, ಅದನ್ನು ತಿದ್ದಬೇಕೆಂಬ ಮನಸ್ಸು ಅವನಿಗೆ ಹೇಗೆ ಬಂದೀತು ಎಂಬ ಕಹಿಯಾದ ಅನುಮಾನವೂ ನನಗುಂಟು.

ಹಾಗಾದರೆ ಅಹವಾಲಿಗೂ ಶಾಸನಕ್ಕೂ ಇರುವ ಹಾದಿ ಯಾವುದು? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದುನಿಂತಾಗ, ಅವರ ಕೈಯಲ್ಲಿ ಯಾವ ಸಿದ್ಧಾಂತಗ್ರಂಥವೂ ಇರಲಿಲ್ಲ. ಜಗಳವಿದ್ದದ್ದು ಒಂದು ಕೊಳಗದ ಮೇಲೆ. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಒಡೆಯರ ಕೊಳಗವು ಹಿಡಿಯಬೇಕಾದುದಕ್ಕಿಂತ ಹೆಚ್ಚು ಸೇರು ಹಿಡಿಯುತ್ತಿದ್ದಿತು. ಕಣದಲ್ಲಿ ಬೆವರು ಬತ್ತುವ ಮುನ್ನವೇ ಭತ್ತವು ಬತ್ತುತ್ತಿದ್ದಿತು. ಇದಕ್ಕಿಂತ ಸಣ್ಣ, ಇದಕ್ಕಿಂತ ಸ್ಥಳೀಯವಾದ ಅಹವಾಲು ಇರಬಲ್ಲುದೇ? ಆ ಸತ್ಯಾಗ್ರಹದಲ್ಲಿ ನಿಂತ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಸಾಗರ-ಹೊಸನಗರದಿಂದ ಆರಿಸಿ ವಿಧಾನಸಭೆಗೆ ಹೋದಾಗ, ಒಡೆಯರಿಗೆ ಒಂದು ಮಾತು ಹೇಳಿಸಿ ಕೊಳಗವನ್ನಷ್ಟು ಕಿರಿದುಮಾಡಿಸಿ ಬರಬಹುದಾಗಿತ್ತು. ಊರು ಅಷ್ಟಕ್ಕೇ ಹರಸುತ್ತಿತ್ತು. ಅವರು ಸದನದಲ್ಲಿ ಎತ್ತಿದ್ದು ಬೇರೆ ಪ್ರಶ್ನೆ: ಅಳೆಯುವ ಹಕ್ಕು ಯಾರದು, ಭೂಮಿ ಯಾರದು? ವಿರೋಧಪಕ್ಷದ ಪುಟ್ಟ ಗುಂಪಿನ ಆ ಸದಸ್ಯರಿಗೆ ಕಾಯಿದೆಯನ್ನು ಮಾಡಿಸುವ ಸಂಖ್ಯಾಬಲ ಎಂದೂ ಒದಗಲಿಲ್ಲ. ಅವರು 1972ರಲ್ಲಿ ತೀರಿಕೊಂಡರು. ದೇವರಾಜ ಅರಸರ ಸರ್ಕಾರದ ತಿದ್ದುಪಡಿಯಿಂದ ಗೇಣಿಭೂಮಿಗಳೆಲ್ಲ ಸರ್ಕಾರದಲ್ಲಿ ನಿಹಿತವಾದದ್ದು 1974ರ ಮಾರ್ಚಿ 1ರಂದು. ಕೊಳಗದಿಂದ ಕಾಯಿದೆಗೆ 23 ವರ್ಷ. (ಅದೇ ಕಾಗೋಡಿನ ತಿಮ್ಮಪ್ಪನವರು ಮುಂದೊಂದು ಕಾಲಕ್ಕೆ ಅದೇ ಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತದ್ದನ್ನು ನೆನೆದಾಗ ಚರಿತ್ರೆಗೂ ಒಮ್ಮೊಮ್ಮೆ ಔಚಿತ್ಯಜ್ಞಾನವಿರುತ್ತದೆ ಎನ್ನಿಸುತ್ತದೆ.)

ಇಷ್ಟು ದೀರ್ಘವಾದ ತಾಳ್ಮೆಯನ್ನು ಐದು ವರ್ಷದ ಅವಧಿಯ ಮನುಷ್ಯನಿಂದ ಬಯಸುವುದು ನ್ಯಾಯವೇ ಎಂದು ಕೇಳಬಹುದು. ಪಕ್ಷದ ವಿಪ್ ಇದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಮೇರೆಗೆ, ಅದನ್ನು ಮೀರಿ ಮತ ಹಾಕಿದವನ ಸ್ಥಾನವೇ ಹೋಗಬಹುದು. ನಿಜ. ಆದರೆ ವಿಪ್ಪು ಕಟ್ಟುವುದು ಕೈಯನ್ನೇ ಹೊರತು ನಾಲಗೆಯನ್ನಲ್ಲ. ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯನ ಮೇಲೆ ಯಾವ ನ್ಯಾಯಾಲಯವೂ ವ್ಯವಹರಣೆ ನಡೆಸಲಾಗದೆಂದು 194ನೆಯ ಅನುಚ್ಛೇದವು ಅಭಯವಿತ್ತಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಎದ್ದುನಿಂತು ಉತ್ತರಿಸಬೇಕು. ಉತ್ತರದಲ್ಲಿ ಕೊಟ್ಟ ಭರವಸೆಯನ್ನು ಬೆನ್ನಟ್ಟಲು ಭರವಸೆಗಳ ಸಮಿತಿಯಿದೆ. ಜಗಲಿಯಲ್ಲಿ ಅಹವಾಲಾಗಿ ಹುಟ್ಟಿದುದು ಸದನದಲ್ಲಿ ಪ್ರಶ್ನೆಯಾಗಿ ನಿಲ್ಲುವ ಈ ರೂಪಾಂತರವೊಂದೇ, ನನ್ನ ಮಟ್ಟಿಗೆ, ಹೊಸ ಶಾಸಕನಿಗಿರುವ ಆದ್ಯತೆ.

ಮಾತು ಇಲ್ಲಿಗೆ ಬಂದಾಗ ಅವರು ನೋಟುಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡು, ಪಟ್ಟಿಯಲ್ಲಿ ಒಂದನ್ನೂ ಹೊಡೆದುಹಾಕದೆ, ಕೊನೆಯ ಪುಟದಲ್ಲಿ ಪ್ರಶ್ನೆಯ ನಮೂನೆಯಂತೆ ಬರೆಯತೊಡಗಿದರು: (ಅ) ಹೆಸರಿನ ಅಕ್ಷರವ್ಯತ್ಯಾಸದ ಕಾರಣದಿಂದ ರಾಜ್ಯದಲ್ಲಿ ಸ್ಥಗಿತಗೊಂಡಿರುವ ವೃದ್ಧಾಪ್ಯ ವೇತನಗಳೆಷ್ಟು, ತಾಲ್ಲೂಕುವಾರು ವಿವರ ನೀಡುವುದು, (ಆ) ಸ್ಥಗಿತಗೊಳಿಸುವ ಮುನ್ನ ಫಲಾನುಭವಿಗೆ ತಿಳಿವಳಿಕೆ ಕೊಡುವ ನಿಯಮವಿದೆಯೇ, (ಇ) ಇಲ್ಲದಿದ್ದಲ್ಲಿ, ಕಾರಣವೇನು? ಅಷ್ಟರಲ್ಲಿ ಆಪ್ತಸಹಾಯಕನು ಸಹಿಗಾಗಿ ಶಿಫಾರಸು ಪತ್ರಗಳ ಒಂದು ಕಟ್ಟನ್ನು ತಂದು ಆ ಪುಟದ ಮೇಲೆಯೇ ಇಟ್ಟನು. ಅವರು ಎಲ್ಲಕ್ಕೂ ಸಹಿ ಹಾಕಿದರು. ಆಮೇಲೆ ಕಟ್ಟನ್ನು ಪಕ್ಕಕ್ಕೆ ಸರಿಸಿ, “(ಇ) ಆದಮೇಲೆ ಇನ್ನೊಂದು ಕೇಳಬಹುದಾ, ಮೇಷ್ಟ್ರೇ?” ಎಂದರು.