ಭಯ ಬಿಡಿಸುವವನ ಜಾಮೀನು

ಮಹಾಭಾರತದ ಆದಿಪರ್ವದಲ್ಲಿ, ಕತೆ ಇನ್ನೂ ಪಾಂಡವರ ಹತ್ತಿರಕ್ಕೆ ಬರುವ ಮೊದಲೇ, ಒಂದು ನಾಯಿಯ ದೂರು ಬರುತ್ತದೆ. ಜನಮೇಜಯನ ಯಜ್ಞಶಾಲೆಯ ಬಳಿಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಅದರ ಕಡೆ ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು ಕಾರಣ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಆಗ ಅವಳು ಶಪಿಸುತ್ತಾಳೆ: ಎಲ್ಲಿಂದ ಬಂತೆಂದು ತಿಳಿಯದ ಭಯವೊಂದು ನಿಮ್ಮನ್ನು ಹಿಡಿಯಲಿ ಎಂದು. ತಪ್ಪಿಲ್ಲದೆ ಪೆಟ್ಟು ತಿಂದ ಮರಿಯ ತಾಯಿಗೆ ಭಯಕ್ಕಿಂತ ದೊಡ್ಡ ಶಿಕ್ಷೆ ಹೊಳೆಯಲಿಲ್ಲ.

ಭಯವೇ ಶಾಪವಾದರೆ ಭಯ ಬಿಡಿಸುವುದು ಪುಣ್ಯವಾಗಬೇಕು. ಅಭಯದಾನ ದೊಡ್ಡ ದಾನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಕೇಳದವರಿಗೆ, ಕೇಳಲು ಮಾತೇ ಬಾರದವರಿಗೆ, ನಾವಾಗಿ ಅಭಯ ಕೊಡಹೊರಟಾಗ ಆ ದಾನದ ಷರತ್ತುಗಳೇನು? ಇನ್ನೊಂದು ಜೀವದ ಭಯವನ್ನು ತೆಗೆಯುವ ಅಧಿಕಾರ ನಮಗೆಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಕಾರು ಹತ್ತಲು ಒಪ್ಪದ ಒಂದು ನಾಯಿ.

ನಾನಿರುವುದು ಹೊಳಗುಂದದಲ್ಲಿ. ಕರ್ನೂಲು ಜಿಲ್ಲೆಯ ಪಡುವಣ ಅಂಚು ಇದು; ಆಚೆಗೆ ಸಿರುಗುಪ್ಪ, ಬಳ್ಳಾರಿ. ಕಾಸರಗೋಡಿನವರು ಕನ್ನಡ ಮಲಯಾಳಗಳ ನಡುವೆ ಬದುಕುವಂತೆ ನಾವು ಕನ್ನಡ ತೆಲುಗುಗಳ ನಡುವೆ ಬದುಕುತ್ತೇವೆ. ನಮ್ಮ ಮನೆಯ ಕರಿಯ ಕುರಿಹಟ್ಟಿಯಿಂದ ಬಂದ ನಾಟಿ ನಾಯಿ. ಮರಿಯಾಗಿದ್ದಾಗ ಅದನ್ನು ತಂದುಕೊಟ್ಟವರು ಗೋಣಿಚೀಲದಲ್ಲಿ ಕಟ್ಟಿ, ಟೆಂಪೋದ ಹಿಂದೆ ಹಾಕಿಕೊಂಡು ಬಂದಿದ್ದರಂತೆ. ಚೀಲ ಬಿಚ್ಚಿದಾಗ ಅದು ತನ್ನ ವಾಂತಿಯಲ್ಲೇ ಬಿದ್ದಿತ್ತು. ಅಂದಿನಿಂದ ಗಾಡಿಯ ಬಾಗಿಲು ತೆರೆದ ಸದ್ದಾದರೆ ಸಾಕು, ಮಂಚದ ಕೆಳಗೆ ಸೇರಿಬಿಡುತ್ತಿತ್ತು. ಕಳೆದ ವರ್ಷ ಅದರ ಹೊಟ್ಟೆಯ ಕೆಳಗೆ ಗಡ್ಡೆಯೊಂದು ಕಾಣಿಸಿತು. ಅವಸರವಿಲ್ಲ, ಆದರೆ ಎರಡು ಮೂರು ತಿಂಗಳೊಳಗೆ ಆದವಾನಿಗೆ ತಂದು ಆಪರೇಷನ್ ಮಾಡಿಸಿ, ಆಮೇಲೂ ನಾಲ್ಕೈದು ಸಲ ತೋರಿಸಬೇಕು ಎಂದರು ಪಶುವೈದ್ಯರು. ಭಾವಮೈದುನನ ಕಾರು ಇತ್ತು. ಕರಿಯ ಮಾತ್ರ ಹತ್ತಬೇಕಿತ್ತು.

ನಮ್ಮ ಓಣಿಯಲ್ಲಿ ಕುರುಬರ ತಾತ ಒಬ್ಬರಿದ್ದಾರೆ. ನನ್ನ ಕಷ್ಟ ನೋಡಿ ನಕ್ಕರು. “ಏನಪ್ಪ, ನಾಯಿಗೆ ಇಷ್ಟು ಪೂಜಿ ಯಾಕ? ಕಾಲು ಕಟ್ಟಿ ಒಳಗ ಹಾಕು. ಊರು ದಾಟೋ ತನಕ ಕಿರಚತೈತೆ, ಆಮ್ಯಾಕ ಸುಮ್ಕಾಗತೈತೆ.”

ತಾತ ಹೇಳಿದ್ದು ನಿಜ, ಸುಮ್ಮನಾಗುತ್ತದೆ. ಆದರೆ ಸುಮ್ಮನಾಗುವುದರಲ್ಲಿ ಎರಡು ಬಗೆಯಿದೆ. 1967ರಲ್ಲಿ ಅಮೆರಿಕದ ಸೆಲಿಗ್ಮನ್ ಮತ್ತು ಮೇಯರ್ ಎಂಬ ವಿಜ್ಞಾನಿಗಳು ನಾಯಿಗಳನ್ನು ಕಟ್ಟಿಹಾಕಿ, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ತಿನ ಆಘಾತ ಕೊಟ್ಟ ಪ್ರಯೋಗವನ್ನು ಪ್ರಕಟಿಸಿದರು. ಮರುದಿನ ಅದೇ ನಾಯಿಗಳನ್ನು ಗಿಡ್ಡ ತಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಹೆಚ್ಚಿನವು ಹಾರಲಿಲ್ಲ; ಮಲಗಿ ಕುಂಯ್‌ಗುಡುತ್ತ ಆಘಾತವನ್ನು ಸಹಿಸಿದವು. ಹೊರಗಿನಿಂದ ನೋಡಿದವರಿಗೆ ಅದು ಶಾಂತವಾದ ನಾಯಿ. ಒಳಗೆ ಭಯ ಇದ್ದಲ್ಲಿಯೇ ಇದೆ, ಆಸೆ ಮಾತ್ರ ಹೋಗಿದೆ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ಶಿಸ್ತು ಎಂದು ಹೊಗಳಿಸಿಕೊಳ್ಳುವ ಎಷ್ಟು ಮೌನಗಳು ಈ ಜಾತಿಯವೋ!

ಆ ಪ್ರಯೋಗಕ್ಕೆ ಮುಂದಿನ ಭಾಗವೂ ಇದೆ. ಅಂಥ ನಾಯಿಗಳನ್ನು ಮತ್ತೆ ಚೇತರಿಸಲು ವಿಜ್ಞಾನಿಗಳು ಅವುಗಳನ್ನು ಹಗ್ಗ ಹಿಡಿದು ತಡೆಯ ಆಚೆಗೆ ಮತ್ತೆ ಮತ್ತೆ ಎಳೆಯಬೇಕಾಯಿತು. ಹಾಗೆ ಎಳೆದ ಮೇಲೆ ಅವು ತಾವಾಗಿ ದಾಟತೊಡಗಿದವು. ಆದ್ದರಿಂದ ಬಲಪ್ರಯೋಗವೆಲ್ಲ ಪಾಪವೆಂದು ನಾನು ವಾದಿಸುವುದಿಲ್ಲ. ಎಳೆಯುವ ಕೈ ಯಾವ ಕಡೆಗೆ ಎಳೆಯುತ್ತಿದೆ ಎಂಬುದನ್ನು ನೋಡಬೇಕು.

ನಾವು ನಿಧಾನದ ದಾರಿ ಹಿಡಿದೆವು. ಮೊದಲ ವಾರ ಕಾರು ಮನೆಯ ಮುಂದೆ ಸುಮ್ಮನೆ ನಿಂತಿತ್ತು, ಎರಡೂ ಕಡೆಯ ಬಾಗಿಲು ತೆರೆದು. ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಕಾರಿನಿಂದ ಹತ್ತು ಮೊಳ ದೂರದಲ್ಲಿಟ್ಟು, ದಿನಕ್ಕೊಂದು ಮೊಳ ಹತ್ತಿರ ತಂದೆವು. ಮುಂಗಾಲಿಟ್ಟು ಹಿಂದಕ್ಕೆ ಹೋದರೆ ಯಾರೂ ಕರೆಯಲಿಲ್ಲ. ಒಂದು ಬಾಗಿಲಿಂದ ಹತ್ತಿದರೆ ಇನ್ನೊಂದರಿಂದ ಇಳಿದು ಹೋಗಬಹುದಾಗಿತ್ತು. ಆ ಎರಡನೆಯ ಬಾಗಿಲೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಎಣಿಕೆ. ಒಳಗೆ ನೆಮ್ಮದಿಯಾಗಿ ಕೂತು ತಿನ್ನಲು ಕಲಿತ ಮೇಲೆ ಬಾಗಿಲು ಹಾಕಿ ತೆರೆದೆವು. ಆಮೇಲೆ ನಿಂತಲ್ಲಿಯೇ ಇಂಜಿನ್ ಶುರು ಮಾಡಿದೆವು, ಆಮೇಲೆ ಓಣಿಯ ತುದಿಗೆ, ಆಮೇಲೆ ಕಾಲುವೆಯ ಸೇತುವೆಗೆ ಹೋದೆವು. ಪ್ರತಿ ಸಲವೂ ಮನೆಗೆ ವಾಪಸ್ಸು. ತುಟಿ ನೆಕ್ಕುವುದು, ಆಕಳಿಸುವುದು, ಜೊಲ್ಲು ಸುರಿಸುವುದು ಕಂಡರೆ ಅಂದಿಗೆ ಅಲ್ಲಿಗೇ ನಿಲ್ಲಿಸುತ್ತಿದ್ದೆವು. ಗಾಡಿಯ ಓಲಾಟಕ್ಕೆ ಕಿವಿಯೊಳಗಿನ ಸಮತೋಲದ ಅಂಗ ಕದಡಿ ನಾಯಿಗೂ ನಮ್ಮಂತೆಯೇ ವಾಕರಿಕೆ ಬರುತ್ತದೆ. ಹಾಗಾಗಿ ದೂರ ಹೋಗುವ ದಿನ ಕೆಲವು ಗಂಟೆ ಮೊದಲಿನಿಂದ ಊಟ ಕೊಡಲಿಲ್ಲ, ಕಿಟಕಿ ಸ್ವಲ್ಪ ತೆರೆದಿಟ್ಟೆವು. ಒಟ್ಟು ಆರು ವಾರ ಹಿಡಿಯಿತು.

ಈ ನಡುವೆ ತಾತ ಇನ್ನೊಂದು ಮಾತು ಹೇಳಿದರು. “ಅದು ಗಾಡಿಗೆ ಯಾಕ ಹೆದರತೈತೆ ಗೊತ್ತೇನು? ಹಟ್ಟಿ ನಾಯಿ ಅದು. ಸಂತಿಗೆ ಹೋಗೋ ಟೆಂಪೋ ಹತ್ತಿದ ಟಗರು ಹೊಳ್ಳಿ ಬಂದಿದ್ದು ಹಟ್ಯಾಗ ಯಾವ ನಾಯೀನೂ ನೋಡಿಲ್ಲ. ಆ ಹೆದರಿಕಿ ಬಿಡಿಸಿದಿ ಅಂದ್ರ, ನಾಳಿ ಲಾರಿ ಬಂದ್ರೂ ಸರಿಯಂಗಿಲ್ಲ, ನೋಡು.”

ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿರಲಿಲ್ಲ. ಹತ್ತಿ ತುಂಬಿದ ಲಾರಿಗಳು ಓಡಾಡುವ ರಸ್ತೆಯಲ್ಲಿ ನಾಯಿಯನ್ನು ಬದುಕಿಸುವುದು ಅದರ ಭಯವೇ. ಭಯವೆಂದರೆ ಬರೀ ಕಾಯಿಲೆಯಲ್ಲ, ಅದೊಂದು ತಿಳಿವಳಿಕೆ ಕೂಡ. ಅದನ್ನು ಪೂರಾ ಅಳಿಸಿಬಿಟ್ಟರೆ ದಾನದ ಹೆಸರಿನಲ್ಲಿ ಕಳ್ಳತನ ಮಾಡಿದಂತೆ.

ಹಾಗೆ ಅಳಿಸುವುದು ನಮ್ಮಿಂದ ಆಗುವ ಕೆಲಸವೂ ಅಲ್ಲ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿನಲ್ಲಿ ಪ್ರವಾಹ ಬಂದು ಪಾವ್ಲೋವರ ಪ್ರಯೋಗಶಾಲೆಯ ನಾಯಿಗಳು ಮುಳುಗುವಂತಾದವು. ಗೂಡುಗಳ ಬಾಗಿಲು ತಗ್ಗಿನಲ್ಲಿದ್ದುದರಿಂದ ತಲೆಯನ್ನು ನೀರೊಳಗೆ ಅದುಮಿಯೇ ಅವನ್ನು ಹೊರಗೆಳೆಯಬೇಕಾಯಿತು. ಎಲ್ಲ ಸರಿಹೋಯಿತೆಂದುಕೊಂಡ ಮೇಲೆ ಒಂದು ದಿನ ಕೋಣೆಯ ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಹರಿಸಿದರು. ಅಷ್ಟಕ್ಕೇ ಭಯವೆಲ್ಲ ಮರಳಿ ಬಂತು. ಭಯ ಹೋಗುವುದಿಲ್ಲ, ಅದರ ಪಕ್ಕದಲ್ಲಿ ಒಂದು ನಂಬಿಕೆ ಬೆಳೆಯುತ್ತದೆ, ಅಷ್ಟೇ. ಕರಿಯ ಈಗ ಭಾವಮೈದುನನ ಕಾರನ್ನು ಹತ್ತುತ್ತದೆ, ನಾನು ಪಕ್ಕದಲ್ಲಿ ಕೂತರೆ. ಟೆಂಪೋ ಕಂಡರೆ ಇಂದಿಗೂ ಓಡುತ್ತದೆ. ಲಾರಿಗೆ ದಾರಿ ಬಿಡುತ್ತದೆ. ತಾತನಿಗೆ ಅದು ಸಮಾಧಾನ, ನನಗೂ.

ಇಷ್ಟರಿಂದ ಪ್ರಶ್ನೆ ಮುಗಿಯುವುದಿಲ್ಲ. ನಾವು ಬಳಸಿದಂಥ ತಾಳ್ಮೆಯ ಕ್ರಮವನ್ನೇ ಬಳಸಿ ಜಗತ್ತಿನ ಅತ್ಯಂತ ಪ್ರಸಿದ್ಧ ನಾಯಿಯೊಂದನ್ನು ವಾಹನ ಹತ್ತಿಸಲಾಗಿತ್ತು. ಲೈಕಾ ಮಾಸ್ಕೋದ ಬೀದಿನಾಯಿ. ಇಕ್ಕಟ್ಟಿಗೆ ಒಗ್ಗಲೆಂದು ಅದನ್ನು ಒಂದಕ್ಕಿಂತ ಒಂದು ಚಿಕ್ಕದಾದ ಗೂಡುಗಳಲ್ಲಿ, ಇಪ್ಪತ್ತು ದಿನಗಳವರೆಗೂ ಇಟ್ಟು ಪಳಗಿಸಿದರು. ಹೊರಡುವ ಮುನ್ನ ವಿಜ್ಞಾನಿಯೊಬ್ಬರು ಮನೆಗೆ ಕರೆದೊಯ್ದು ತಮ್ಮ ಮಕ್ಕಳ ಜೊತೆ ಆಡಲು ಬಿಟ್ಟರು. 1957ರ ನವೆಂಬರ್ 3ರಂದು ಸ್ಪುಟ್ನಿಕ್-2 ಮೇಲೇರಿತು. ಅದಕ್ಕೆ ಹಿಂದಿರುಗುವ ಏರ್ಪಾಡೇ ಇರಲಿಲ್ಲ. ಲೈಕಾ ಕೆಲವೇ ಗಂಟೆಗಳಲ್ಲಿ ಬಿಸಿ ತಾಳದೆ ಸತ್ತಿತ್ತೆಂದು ಜಗತ್ತಿಗೆ ತಿಳಿದದ್ದು 2002ರಲ್ಲಿ. ಅದನ್ನು ಪಳಗಿಸಿದವರಲ್ಲೊಬ್ಬರಾದ ಒಲೆಗ್ ಗಜೆಂಕೋ 1998ರಲ್ಲಿಯೇ ತಮ್ಮ ಪಶ್ಚಾತ್ತಾಪವನ್ನು ಬಹಿರಂಗವಾಗಿ ಹೇಳಿದ್ದರು.

ಲೈಕಾಳನ್ನು ಯಾರೂ ಹೊಡೆಯಲಿಲ್ಲ. ಅದರ ಮೈ ಸವರಿದ ಕೈಗಳಲ್ಲಿ ಪ್ರೀತಿಯೂ ಇತ್ತು. ಹಾಗಾದರೆ ನನ್ನ ಆರು ವಾರಕ್ಕೂ ಅವರ ದಿನಗಳಿಗೂ ಏನು ವ್ಯತ್ಯಾಸ? ನೋವಿಲ್ಲವೆಂದು ಹೇಳಲಾರೆ, ಕರಿಯನನ್ನು ನಾನು ಕರೆದೊಯ್ದದ್ದೂ ಸೂಜಿ ಕತ್ತರಿಗಳ ಬಳಿಗೇ. ರೊಟ್ಟಿ ಕೊಟ್ಟು ನಂಬಿಸಿದ ಪ್ರಯಾಣದ ಕೊನೆಗೆ ಹೊಲಿಗೆ ಹಾಕಿಸಿಕೊಂಡಿತು. ಆದರೆ ಆ ಪ್ರಯಾಣ ಅದರ ಸಲುವಾಗಿಯೇ ಇತ್ತು, ನಾನು ಜೊತೆಗಿದ್ದೆ, ಸಂಜೆಗೆ ತನ್ನ ಮಂಚದ ಕೆಳಗೆ ಬಂದು ಮಲಗಿತು. ಈ ಮೂರರಲ್ಲಿ ಒಂದೂ ಲೈಕಾಳ ಪಾಲಿಗೆ ಇರಲಿಲ್ಲ.

ಬ್ಯಾಂಕಿನ ಮೇಜಿನ ಹಿಂದೆ ಕೂತವನಿಗೆ ಇದು ಪರಿಚಿತ ವ್ಯವಹಾರ. ಒಬ್ಬನ ಸಾಲಕ್ಕೆ ಇನ್ನೊಬ್ಬ ಜಾಮೀನು ನಿಲ್ಲುತ್ತಾನೆ. 1872ರ ಕರಾರು ಕಾಯಿದೆಯ 128ನೇ ಕಲಮು ಹೇಳುವಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸ್ನೇಹಕ್ಕೆ ರುಜು ಹಾಕಿದೆ ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಭಯ ಬಿಡಿಸುವವನೂ ಜಾಮೀನುದಾರನೇ. ದಾರಿ ಕೇಡು ಮಾಡುವುದಿಲ್ಲವೆಂದು ಅವನು ದಾರಿಯ ಪರವಾಗಿ ರುಜು ಹಾಕುತ್ತಾನೆ. ನಾಯಿಗೆ ಆ ಪತ್ರ ಓದಲು ಬರುವುದಿಲ್ಲ, ಕೋರ್ಟಿಗೆ ಹೋಗಲೂ ಬರುವುದಿಲ್ಲ. ಹೊಣೆ ಹಗುರವಾಗಲು ಅದು ಕಾರಣವಾಗಬಾರದು.

ನಮ್ಮ ಕಾನೂನಿಗೂ ಇದು ಹೊಳೆದಿದೆ. ಬೀದಿನಾಯಿಗಳನ್ನು ಹಿಡಿದು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂದು 2001ರ ನಿಯಮಗಳೂ 2023ರ ನಿಯಮಗಳೂ ಹೇಳಿದವು. ವ್ಯಾನು ಹತ್ತಿಸಿದ ನಾಯಿಯನ್ನು ಹಿಂದಕ್ಕೆ ಬಿಡಬೇಕೆ ಎಂಬುದೇ 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದೊಡ್ಡ ವಾದವಾಯಿತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಭಯವೂ ಭಯವೇ. ಅದನ್ನು ಮರೆತು ನಾಯಿಯ ಪರ ಮಾತಾಡುವುದು ನ್ಯಾಯವಲ್ಲ.

ಹೊಣೆ ಹೊರಲಾಗದವರ ಮಾತೂ ಇದೆ. ನಿಮ್ಮ ಕಡೆಯ ಪರಶ್ಶಿನಿಕಡವಿನಲ್ಲಿ ಮುತ್ತಪ್ಪನ ಪ್ರಸಾದ ಮೊದಲು ನಾಯಿಗೆ ಸಲ್ಲುತ್ತದೆ. ನಮ್ಮ ಕಡೆಯ ಗೊರವಯ್ಯಗಳು ಮೈಲಾರಲಿಂಗನ ಮುಂದೆ ತಾವೇ ನಾಯಿಗಳಾಗಿ ಬೊಗಳುತ್ತಾರೆ. ಹೀಗೆ ನಾಯಿಗೆ ದೇವರ ಪಕ್ಕದಲ್ಲಿ ಜಾಗ ಕೊಟ್ಟ ಈ ಸೀಮೆಯಿಂದಲೇ ಮಳೆ ಕೈಕೊಟ್ಟ ವರ್ಷ ಸಂಸಾರಗಳು ಮನೆಗೆ ಬೀಗ ಹಾಕಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಆ ಗಾಡಿಗಳ ಹಿಂದೆ ನಾಯಿಗಳು ಊರ ಹೊರಗಿನ ತನಕ ಓಡಿ ನಿಲ್ಲುವುದನ್ನು ನೋಡಿದ್ದೇನೆ. ಮಹಾಪ್ರಸ್ಥಾನದ ಕೊನೆಗೆ ಧರ್ಮರಾಯ, ನಾಯಿಯನ್ನು ಬಿಟ್ಟು ಇಂದ್ರನ ರಥ ಹತ್ತಲಾರೆ ಎಂದ. ಆ ರಥದಲ್ಲಿ ಜಾಗವಿತ್ತು. ಗುಳೆ ಹೋಗುವ ಗಾಡಿಯಲ್ಲಿ ಮಕ್ಕಳು ಕೂರುವುದಕ್ಕೇ ಜಾಗವಿಲ್ಲ. ಅವರನ್ನು ಅಧರ್ಮಿಗಳೆಂದು ಕರೆಯಲು ನನಗೆ ಮನಸ್ಸಾಗದು. ನಾಯಿಯನ್ನು ಅವರು ಬಿಟ್ಟು ಹೋದರು, ನಿಜ. ಆದರೆ ಗಾಡಿಯನ್ನು ನಂಬೆಂದು ಅದಕ್ಕೆ ಕಲಿಸಿರಲಿಲ್ಲ. ತೀರಿಸಲಾಗದ ಪತ್ರಕ್ಕೆ ಅವರು ರುಜು ಹಾಕಲಿಲ್ಲ.

“ಹೆದರಬೇಡ, ನಾನಿದ್ದೇನೆ” ಎಂದು ನಾವು ದಿನಕ್ಕೆಷ್ಟು ಸಲ ಹೇಳುತ್ತೇವೆ! ಹಾಸ್ಟೆಲಿಗೆ ಹೊರಟ ಮಗುವಿಗೆ, ಆಸ್ಪತ್ರೆಗೆ ಹೊರಟ ಮುದುಕಿಗೆ, ಗಂಡನ ಮನೆಗೆ ಹೊರಟ ಹುಡುಗಿಗೆ. ಯಾರ ಸಲುವಾಗಿ ಈ ಪ್ರಯಾಣ, ಜೊತೆಗೆ ಯಾರು ಕೂರುತ್ತಾರೆ, ಬೇಡವೆನಿಸಿದರೆ ಹಿಂದಿರುಗುವ ಬಾಗಿಲು ಯಾವುದು ಎಂದು ಕೇಳಿದರೆ ಹೇಳಬಲ್ಲವರು ಮಾತ್ರ ಆ ಮಾತಾಡಬೇಕು. ಹೇಳಲಾರದವರು ಹೆದರಿದವರ ಹೆದರಿಕೆಯನ್ನು ಅವರ ಬಳಿಯೇ ಬಿಡುವುದು ಮೇಲು. ದಾರಿಯಲ್ಲಿ ಅವರಿಗೆ ಅದಾದರೂ ಜೊತೆಗಿರುತ್ತದೆ.