ಓದು: ಪದಾರ್ಥವೋ, ಪ್ರಸಾದವೋ?



ಶ್ರಾವಣಮಾಸವು ಬಂದಿತೆಂದರೆ ನಮ್ಮ ಅನೇಕ ಮನೆಗಳಲ್ಲಿ ಪುರಾಣಪಠನದ ನಿಯಮವು ಮೊದಲಾಗುತ್ತದೆ. ಕೆಲವರು ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವನ್ನು ಓದುವರು. ಕೆಲವರು ಚಾಮರಸನ ಪ್ರಭುಲಿಂಗಲೀಲೆಯನ್ನು. ನಿಯಮವು ಶ್ಲಾಘ್ಯವಾದುದೇ ಸರಿ. ಆದರೆ ದಿನಗಳು ಕಳೆದಂತೆ ಓದುವವನ ಕಣ್ಣು ಪದ್ಯದ ಮೇಲಿರದೆ ಉಳಿದ ಪುಟಗಳ ಎಣಿಕೆಯಲ್ಲಿ ನೆಡುವುದುಂಟು. ಇಂದಿನ ಪಾಲು ಮುಗಿಯಿತೆಂಬ ನಿಟ್ಟುಸಿರೇ ಓದಿನ ಫಲವಾಗುತ್ತದೆ. ಅದೇ ಮನುಷ್ಯನು ಮಧ್ಯಾಹ್ನ ಕಥೆಯ ಪುಸ್ತಕವೊಂದನ್ನು ಹಿಡಿದರೆ ಊಟದ ಹೊತ್ತನ್ನೂ ಮರೆಯುತ್ತಾನೆ. ಬಳಿಕ ಕಾಲಹರಣವಾಯಿತೆಂದು ನಾಚುತ್ತಾನೆ. ಕರ್ತವ್ಯದ ಓದಿನಲ್ಲಿ ಸುಖವಿಲ್ಲ, ಸುಖದ ಓದಿನಲ್ಲಿ ಸಮಾಧಾನವಿಲ್ಲ. ಈ ಇಬ್ಬಂದಿಯಿಂದ ಪಾರಾಗುವ ಬಗೆ ಯಾವುದು?

ನಮ್ಮ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ತಟ್ಟೆಯಲ್ಲಿರುವ ಅನ್ನವು ಮೊದಲು ಕೇವಲ ಪದಾರ್ಥ. ಲಿಂಗಕ್ಕೆ ಅರ್ಪಿತವಾದ ಬಳಿಕ ಅದೇ ಪ್ರಸಾದ. ಪ್ರಸಾದವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ತಿಳಿಯಾಗುವಿಕೆ, ಪ್ರಸನ್ನತೆ ಎಂಬ ಅರ್ಥಗಳಿವೆ. ಪ್ರಸಾದವನ್ನು ಚೆಲ್ಲಬಾರದೆಂಬುದು ನಿಯಮ. ಸಂತೋಷದಿಂದ ಸ್ವೀಕರಿಸಬೇಕೆಂಬುದು ಭಾವ. ಇಲ್ಲಿ ನಿಯಮಕ್ಕೂ ಸಂತೋಷಕ್ಕೂ ವಿರೋಧವಿಲ್ಲ. ಚೆಲ್ಲಬಾರದಾದುದರಿಂದಲೇ ಉಣ್ಣುವಷ್ಟನ್ನು ಮಾತ್ರ ನೀಡಿಸಿಕೊಳ್ಳಬೇಕು. ಓದಿಗೂ ಇದೇ ನ್ಯಾಯ.

ಪೂರ್ವದ ಸಂಕಲನಕಾರರು ಇದನ್ನು ಚೆನ್ನಾಗಿ ಅರಿತಿದ್ದರು. ಅವರಲ್ಲಿ ಹಲವರು ವಚನಗಳನ್ನು ರಾಶಿಹಾಕದೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಸ್ಥಲಗಳಿಗೆ ಹೊಂದಿಸಿ ಇಟ್ಟರು. ಪ್ರೌಢದೇವರಾಯನ ಕಾಲದ ಜಕ್ಕಣಾರ್ಯನು ನೂರೊಂದು ಸ್ಥಲಗಳಾಗಿ ವಿಂಗಡಿಸಿದನು. ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ವಚನಶಾಸ್ತ್ರಸಾರವೂ ಷಟ್‌ಸ್ಥಲದ ಜಾಡನ್ನೇ ಹಿಡಿದಿದೆ. ಇದರ ತಾತ್ಪರ್ಯವೇನು? ಎಲ್ಲರೂ ಎಲ್ಲವನ್ನೂ ಏಕಕಾಲದಲ್ಲಿ ಓದಲೇಬೇಕೆಂಬ ಒತ್ತಾಯ ಇಲ್ಲಿಲ್ಲ. ಓದುವವನು ತಾನು ನಿಂತ ನೆಲೆಯಿಂದ ಮುಂದಣ ಹೆಜ್ಜೆಯನ್ನು ಕಾಣಲೆಂಬ ಕರುಣೆಯಿದೆ.

1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅವನ್ನು ಕಪಾಟಿನಲ್ಲಿಟ್ಟು, ಓದಿ ಮುಗಿಸಲಿಲ್ಲವಲ್ಲಾ ಎಂದು ಸಾಲಗಾರನಂತೆ ಅಳುಕುವವರಿದ್ದಾರೆ. ಆ ಅಳುಕು ಬೇಡ. ಉಗ್ರಾಣದಲ್ಲಿರುವ ಅಕ್ಕಿಯನ್ನೆಲ್ಲ ಒಂದೇ ದಿನ ಬೇಯಿಸುವವರುಂಟೇ? ಬೆಳಿಗ್ಗೆ ಓದಿದ ಒಂದೇ ವಚನವು ಅಂಗಡಿಯಲ್ಲಿ ತಕ್ಕಡಿ ಹಿಡಿಯುವಾಗ ನೆನಪಾಗಿ ಕೈಯನ್ನು ನೇರಮಾಡಿದರೆ, ಆ ದಿನದ ಓದು ಪೂರ್ಣವಾಯಿತು.

ಹಾಗಾದರೆ ರುಚಿಸಿದುದನ್ನಷ್ಟೇ ಓದಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಜ್ವರ ಬಂದವನಿಗೆ ಅನ್ನವು ಕಹಿಯಾಗುವುದು ಅನ್ನದ ದೋಷವಲ್ಲ. ಅಲ್ಲಮಪ್ರಭುಗಳ ಬೆಡಗಿನ ವಚನವು ಮೊದಲ ಓದಿಗೆ ಬಾಗಿಲು ತೆರೆಯದಿರಬಹುದು. ಕೆಲಕಾಲ ಹೊಸ್ತಿಲಲ್ಲಿ ಕುಳಿತು ಕಾಯುವ ಶ್ರದ್ಧೆ ಬೇಕು. ನಿಯಮದ ಉಪಯೋಗವು ಅಲ್ಲಿದೆ. ಆದರೆ ಹೊಸ್ತಿಲೇ ಮನೆಯಲ್ಲ.

ಕಥೆಯನ್ನೋದಿ ನಾಚುವವರಿಗೂ ಒಂದು ಮಾತು. ಪರರ ದುಃಖವನ್ನು ಕಂಡು ಮನಸ್ಸು ಮೃದುವಾಗುವ ಕಥೆಯನ್ನು ಲಿಂಗದೆದುರು ಓದಲು ಸಂಕೋಚವೇಕೆ? ಅರ್ಪಿಸಲು ನಾಚಿಕೆಯಾಗುವುದನ್ನು ಬಿಡಿ. ಉಳಿದುದನ್ನು ನಿಶ್ಚಿಂತೆಯಿಂದ ಓದಿರಿ.

ಕಡೆಯದಾಗಿ ತಂದೆತಾಯಿಗಳಲ್ಲಿ ವಿನಂತಿ. ತಪ್ಪು ಮಾಡಿದ ಮಗುವಿಗೆ ಶಿಕ್ಷೆಯಾಗಿ ಹತ್ತು ವಚನಗಳನ್ನು ಬಾಯಿಪಾಠ ಮಾಡಿಸಬೇಡಿರಿ. ಪ್ರಸಾದವನ್ನು ದಂಡವಾಗಿ ತಿನ್ನಿಸಿದರೆ, ಬೆಳೆದ ಮೇಲೆ ಆ ಮಗುವು ಪಂಕ್ತಿಯಿಂದಲೇ ಎದ್ದುಹೋದೀತು. ಅದರ ಬದಲು ಸಂಜೆ ದೀಪ ಹಚ್ಚಿದ ಮೇಲೆ ನೀವೇ ಒಂದು ವಚನವನ್ನು ಪ್ರೀತಿಯಿಂದ ಓದಿರಿ. ಮಗುವು ಬಂದು ಬಳಿಯಲ್ಲಿ ಕುಳಿತೀತು. ನಾಳೆ ತಾನಾಗಿಯೇ ಪುಸ್ತಕಕ್ಕೆ ಕೈ ನೀಡೀತು.