ಯಾರು ಬರೀತೀರಿ?

ಮೀಟಿಂಗ್ ಮುಗಿಯುವ ಹೊತ್ತಿಗೆ ‘ಇವತ್ತಿನ ಮಿನಿಟ್ಸ್ ಯಾರು ಬರೀತೀರಿ?’ ಎಂಬ ಮಾತು ಬಂದರೆ ಸಾಕು, ಒಬ್ಬರು ಲ್ಯಾಪ್‌ಟಾಪಿನತ್ತ ತಲೆ ತಗ್ಗಿಸುತ್ತಾರೆ, ಇನ್ನೊಬ್ಬರು ಫೋನು ಕೈಗೆತ್ತಿಕೊಳ್ಳುತ್ತಾರೆ. ಕೊನೆಗೆ ‘ಇರ್ಲಿ ಸರ್, ನಾನೇ ಬರೀತೀನಿ’ ಎನ್ನುವ ದನಿ ಬಹುಮಟ್ಟಿಗೆ ಹೆಣ್ಣಿನದೇ ಆಗಿರುತ್ತದೆ. ಬೀಳ್ಕೊಡುಗೆಗೆ ದುಡ್ಡು ಸೇರಿಸುವುದು, ಹೊಸಬರಿಗೆ ಕೆಲಸ ಕಲಿಸುವುದು, ಮುನಿಸಿಕೊಂಡ ಇಬ್ಬರನ್ನು ಕೂರಿಸಿ ಮಾತಾಡಿಸುವುದು, ಇವಿಲ್ಲದೆ ಯಾವ ತಂಡವೂ ಮುಂದೆ ಸಾಗದು. ಆದರೆ ಬಡ್ತಿಯ ಲೆಕ್ಕ ಹಾಕುವಾಗ ಇವು ಯಾರ ನೆನಪಿಗೂ ಬರುವುದಿಲ್ಲ.

ಇಂಥ ಕೆಲಸಗಳಿಗೆ ತಾನೇ ಮುಂದಾಗುವುದು ಹೆಣ್ಣಿನ ಸ್ವಭಾವ ಎಂದುಕೊಂಡು ನಾವು ಸುಮ್ಮನಾಗಬಹುದೇ? ಅಮೆರಿಕದ ಸಂಶೋಧಕಿ ಲಿಂಡಾ ಬಾಬ್‌ಕಾಕ್ ಮತ್ತು ಅವರ ಮೂವರು ಜೊತೆಗಾತಿಯರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹಾಗೆ ಸುಮ್ಮನಾಗಲು ಬಿಡುವುದಿಲ್ಲ. ಅವರ ಪ್ರಯೋಗದಲ್ಲಿ ಮೂರು ಮೂರು ಜನರ ಗುಂಪು, ಎರಡು ನಿಮಿಷದ ಗಡುವು. ಯಾರಾದರೊಬ್ಬರು ಗುಂಡಿ ಒತ್ತಿದರೆ ಎಲ್ಲರಿಗೂ ಹೆಚ್ಚು ಹಣ, ಒತ್ತಿದವರಿಗೆ ಮಾತ್ರ ಉಳಿದಿಬ್ಬರಿಗಿಂತ ಕಡಿಮೆ. ಗಂಡು ಹೆಣ್ಣು ಬೆರೆತಿದ್ದಾಗ ಹೆಂಗಸರೇ ಹೆಚ್ಚು ಸಲ ಒತ್ತಿದರು. ಬರೀ ಗಂಡಸರ ಗುಂಪಿನಲ್ಲಿ ಮಾತ್ರ, ಬರೀ ಹೆಂಗಸರ ಗುಂಪಿನಲ್ಲಿ ಹೆಂಗಸರು ಒತ್ತಿದಷ್ಟೇ ಸಲ ಗಂಡಸರೂ ಒತ್ತಿದರು! ‘ನೀವು ಒತ್ತುತ್ತೀರಾ?’ ಎಂದು ಒಬ್ಬರನ್ನು ಕೇಳುವ ಅಧಿಕಾರ ಕೊಟ್ಟಾಗ, ಗಂಡಸರಷ್ಟೇ ಅಲ್ಲ, ಹೆಂಗಸರೂ ಹೆಚ್ಚಾಗಿ ಕೇಳಿದ್ದು ಹೆಂಗಸರನ್ನೇ.

ನಮಗೆ ಇದು ತೀರ ಹೊಸತೇನಲ್ಲ. ಬ್ಯಾಚುಲರ್ ರೂಮಿನಲ್ಲಿ ಅನ್ನಕ್ಕಿಟ್ಟು, ಕಸ ಗುಡಿಸಿ, ಪಾತ್ರೆ ತಿಕ್ಕುವ ಹುಡುಗನೇ ಹಬ್ಬಕ್ಕೆ ಊರಿಗೆ ಹೋದಾಗ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುತ್ತಾನೆ. ಅವನದು ಸೋಮಾರಿತನವಲ್ಲ, ಅಮ್ಮ ಇದ್ದಾಳೆ, ಅಕ್ಕ ಇದ್ದಾಳೆ ಎಂಬ ಭರವಸೆ. ಆಡದೆಯೂ ಎಲ್ಲರಿಗೂ ಕೇಳಿಸುವ ಆ ಭರವಸೆಯೇ ಇಸ್ತ್ರಿ ಹಾಕಿದ ಅಂಗಿಯ ಜೊತೆ ಆಫೀಸಿಗೂ ಬರುತ್ತದೆ.

‘ಆಗಲ್ಲ’ ಎನ್ನುವುದನ್ನು ಹೆಣ್ಣುಮಕ್ಕಳು ಕಲಿಯಬೇಕು ಎಂಬ ಬುದ್ಧಿಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಹಾಗೆಂದವಳನ್ನು ‘ಹೊಂದಿಕೊಳ್ಳುವವಳಲ್ಲ’ ಎಂದು ಬದಿಗೆ ಸರಿಸುವವರು ನಾವೇ ಅಲ್ಲವೇ? ನಮ್ಮ ಅಭ್ಯಾಸವನ್ನು ತಿದ್ದುವ ಹೊರೆಯನ್ನೂ ಅವಳೇ ಏಕೆ ಹೊರಬೇಕು? ಅದರ ಬದಲು ಕೇಳುವುದನ್ನೇ ಬಿಟ್ಟು, ಮ್ಯಾನೇಜರ್ ಹೆಸರನ್ನೂ ಸೇರಿಸಿ, ಒಂದು ಸರದಿಪಟ್ಟಿ ಬರೆದು ಗೋಡೆಗೆ ಅಂಟಿಸೋಣ. ತಮ್ಮ ಸರದಿ ಬಂದ ದಿನ ಗಂಡಸರೂ ಮಿನಿಟ್ಸ್ ಅನ್ನು ಅಚ್ಚುಕಟ್ಟಾಗಿಯೇ ಬರೆಯುತ್ತಾರೆ. ಇಷ್ಟು ದಿನ ಅವರು ಸುಮ್ಮನೆ ಕೂತಿದ್ದು ಬರೆಯಲು ಬಾರದೆ ಅಲ್ಲವಲ್ಲ.